ಮೆಲಿಯಾಯ್ಡೋಸಿಸ್: ಶ್ವಾಸಕೋಶದ ಸೋಂಕನ್ನು ಪತ್ತೆ ಹಚ್ಚುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಮೆಲಿಯಾಯ್ಡೋಸಿಸ್ ಎಂಬುದು ಬರ್ಕೋಲ್ಡೇರಿಯಾ ಸೂಡೋಮಲೈ ಎಂಬ ಬ್ಯಾಕ್ಟೀರಿಯಾದಿಂದ ಉಂಟಾಗುವ ವಿರಳ ಸೋಂಕು ರೋಗವಾಗಿದೆ. ಇದನ್ನು ಮೊದಲ ಬಾರಿಗೆ 1911ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಗುರುತಿಸಿದರು. ರೋಗಾಣುವು ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ಇರುತ್ತದೆ. ಕೆಸರುಗದ್ದೆಯಲ್ಲಿ ಕೆಲಸ ಮಾಡುವಾಗ ಚರ್ಮದ ಗಾಯಗಳ ಮೂಲಕ, ಬಿರುಗಾಳಿ ಮಳೆಯ ಸಂದರ್ಭದಲ್ಲಿ ಉಸಿರಿನ ಮೂಲಕ ಅಥವಾ ಶುದ್ಧೀಕರಿಸದ ನೀರಿನ ಮೂಲಕ ದೇಹವನ್ನು ಸೇರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದು ಅತ್ಯಂತ ಅಪರೂಪ. ಕರ್ನಾಟಕದಲ್ಲಿ ಉಡುಪಿ, ದಕ್ಷಿಣ ಕನ್ನಡ ಮುಂತಾದ ಕರಾವಳಿ ಪ್ರದೇಶಗಳಿಂದ, ಹೆಚ್ಚಾಗಿ ಮಳೆಗಾಲದಲ್ಲಿ, ಪ್ರಕರಣಗಳು ವರದಿಯಾಗಿವೆ.

ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಸೋಂಕು ನ್ಯುಮೋನಿಯಾ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಕೆಲವೇ ದಿನಗಳಲ್ಲಿ ಪ್ರಾಣಾಪಾಯದ ಹಂತಕ್ಕೆ ಹೋಗುತ್ತದೆ. ಇನ್ನು ಕೆಲವರಲ್ಲಿ ತಿಂಗಳುಗಟ್ಟಲೆ ಜ್ವರ, ಕೆಮ್ಮು ಮತ್ತು ತೂಕ ಇಳಿಕೆಯಾಗಿ ಮುಂದುವರಿಯುತ್ತದೆ. ಈ ಎರಡನೆಯ ಬಗೆಯಲ್ಲಿಯೇ ತೊಡಕು ಇರುವುದು. ಎಕ್ಸ್-ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣುವ ಕಲೆ ಮತ್ತು ಕುಳಿಗಳು ಕ್ಷಯ ರೋಗದ ಕುರುಹುಗಳನ್ನೇ ಹೋಲುತ್ತವೆ. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಲಕ್ಷಣಗಳನ್ನು ನೋಡಿ ಕ್ಷಯದ ಚಿಕಿತ್ಸೆ ಪ್ರಾರಂಭವಾಗುವುದುಂಟು. ಆ ಔಷಧಗಳಿಂದ ಮೆಲಿಯಾಯ್ಡೋಸಿಸ್ ಗುಣವಾಗುವುದಿಲ್ಲ, ಅಮೂಲ್ಯ ಸಮಯವೂ ಕಳೆದುಹೋಗುತ್ತದೆ. ಈ ರೋಗದ ಹೆಸರು ಸಾರ್ವಜನಿಕರಿಗಿರಲಿ, ಎಷ್ಟೋ ಚಿಕಿತ್ಸಾಲಯಗಳಲ್ಲಿಯೂ ಥಟ್ಟನೆ ನೆನಪಿಗೆ ಬರುವಂಥದ್ದಲ್ಲ.

ರೋಗವನ್ನು ಖಚಿತಪಡಿಸುವ ಪ್ರಮುಖ ವಿಧಾನವೆಂದರೆ ಕಲ್ಚರ್ ಪರೀಕ್ಷೆ. ಕೆಮ್ಮಿರುವ ರೋಗಿಯಿಂದ ಕಫವನ್ನಷ್ಟೇ ಅಲ್ಲದೆ ರಕ್ತ, ಮೂತ್ರ, ಗಂಟಲಿನ ಸ್ವಾಬ್ ಮತ್ತು ಎಲ್ಲಿಯಾದರೂ ಕೀವು ಇದ್ದಲ್ಲಿ ಅದನ್ನೂ ಸಂಗ್ರಹಿಸಬೇಕಾಗುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ ಆಂಟಿಬಯೋಟಿಕ್ ನೀಡುವ ಮುನ್ನವೇ ಮಾದರಿಗಳನ್ನು ತೆಗೆಯುವುದು ಸೂಕ್ತ. ಆದರೆ ರೋಗಿಯ ಸ್ಥಿತಿ ಗಂಭೀರವಾಗಿದ್ದಲ್ಲಿ ಮಾದರಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯಬಾರದು. ಒಂದೇ ಕಲ್ಚರ್‌ನಲ್ಲಿ ರೋಗಾಣು ಬೆಳೆಯದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ತೀರ್ಮಾನಿಸಲಾಗದು. ಕಲ್ಚರ್ ಪರೀಕ್ಷೆಯು ನಿಜವಾದ ರೋಗಿಗಳಲ್ಲಿ ನೂರಕ್ಕೆ ಸುಮಾರು 60 ಮಂದಿಯನ್ನು ಮಾತ್ರ ಗುರುತಿಸುತ್ತದೆಂದು ಅಂದಾಜಿಸಲಾಗಿದೆ. ಶಂಕೆ ಉಳಿದಲ್ಲಿ ಪರೀಕ್ಷೆಯನ್ನು ಪುನಃ ಮಾಡಿಸಬೇಕು.

ಪ್ರಯೋಗಾಲಯಕ್ಕೆ ಮುಂಚಿತವಾಗಿ ಶಂಕೆಯನ್ನು ತಿಳಿಸುವುದು ಅತ್ಯಗತ್ಯ. ಕಫದಲ್ಲಿ ಇತರ ಸೂಕ್ಷ್ಮಜೀವಿಗಳೂ ಬೆಳೆಯುವುದರಿಂದ ಆಶ್‌ಡೌನ್ ಮಾಧ್ಯಮದಂತಹ ವಿಶೇಷ ಮಾಧ್ಯಮ ಬೇಕಾಗುತ್ತದೆ. ಸೂಚನೆ ಇಲ್ಲದಿದ್ದಲ್ಲಿ ಈ ರೋಗಾಣುವನ್ನು ಸ್ಯೂಡೋಮೊನಾಸ್ ಎಂದೋ ಮಾಲಿನ್ಯವೆಂದೋ ತಿಳಿದು ಬದಿಗಿಡುವ ಸಂಭವವಿದೆ. ರಕ್ತದ ಪ್ರತಿಕಾಯ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ರೋಗಾಣು ಇರುವ ಪ್ರದೇಶಗಳಲ್ಲಿ ಆರೋಗ್ಯವಂತರಲ್ಲಿಯೂ ಅದು ಪಾಸಿಟಿವ್ ಬರಬಹುದು. ರೋಗ ದೃಢಪಟ್ಟಲ್ಲಿ ಯಕೃತ್ತು, ಗುಲ್ಮ ಮುಂತಾದೆಡೆ ಕೀವು ತುಂಬಿದೆಯೇ ಎಂದು ಸ್ಕ್ಯಾನಿಂಗ್ ಮೂಲಕ ಪರಿಶೀಲಿಸಲಾಗುತ್ತದೆ.

ಮಧುಮೇಹ, ಮೂತ್ರಪಿಂಡದ ಕಾಯಿಲೆ ಅಥವಾ ಅತಿಯಾದ ಮದ್ಯಪಾನದ ಅಭ್ಯಾಸವುಳ್ಳವರು ಆಸ್ಪತ್ರೆಗೆ ಹೋದಾಗ ಅದನ್ನು ಮರೆಮಾಚದೆ ತಿಳಿಸತಕ್ಕದ್ದು. ಇವುಗಳಲ್ಲಿ ಮಧುಮೇಹವೇ ಅತಿ ಮುಖ್ಯವಾದುದು. ಗದ್ದೆ, ತೋಟ ಅಥವಾ ಕಟ್ಟಡ ಕಾಮಗಾರಿಯ ಕೆಲಸ, ಇತ್ತೀಚೆಗೆ ಕಾಲಿಗೆ ಆದ ಗಾಯ, ನೆರೆನೀರಿನಲ್ಲಿ ಓಡಾಡಿದ್ದು, ಇವೆಲ್ಲವೂ ವೈದ್ಯರಿಗೆ ಉಪಯುಕ್ತ ಮಾಹಿತಿಯಾಗಿರುತ್ತವೆ. ಕ್ಷಯದ ಔಷಧ ಸೇವಿಸುತ್ತಿದ್ದು ಗುಣ ಕಾಣದವರು ಸ್ವಇಚ್ಛೆಯಿಂದ ಔಷಧವನ್ನು ನಿಲ್ಲಿಸಬಾರದು. ತಮ್ಮ ಕಫ ಪರೀಕ್ಷೆಯಲ್ಲಿ ಕ್ಷಯ ದೃಢಪಟ್ಟಿದೆಯೇ, ಇಲ್ಲವಾದಲ್ಲಿ ಬ್ಯಾಕ್ಟೀರಿಯಾ ಕಲ್ಚರ್ ಮಾಡಿಸಬಹುದೇ ಎಂದು ವೈದ್ಯಾಧಿಕಾರಿಗಳನ್ನು ವಿಚಾರಿಸುವುದು.

ಚಿಕಿತ್ಸೆಯಲ್ಲಿ ಕನಿಷ್ಠ 10ರಿಂದ 14 ದಿನಗಳ ಚುಚ್ಚುಮದ್ದು, ತದನಂತರ ಸಾಮಾನ್ಯವಾಗಿ ಕನಿಷ್ಠ 3 ತಿಂಗಳ ಮಾತ್ರೆಗಳು ಇರುತ್ತವೆ. ಮಾತ್ರೆಗಳನ್ನು ನಡುವೆ ಬಿಟ್ಟಲ್ಲಿ ರೋಗ ಮರುಕಳಿಸಬಹುದು. ಆದುದರಿಂದ ಕಲ್ಚರ್ ವರದಿ ಹಾಗೂ ಬಿಡುಗಡೆ ಪತ್ರದ ಪ್ರತಿಗಳನ್ನು ಕಾಯ್ದಿಟ್ಟುಕೊಂಡು, ಮುಂದೆ ಯಾವುದೇ ಆಸ್ಪತ್ರೆಗೆ ಜ್ವರಕ್ಕಾಗಿ ಹೋದಾಗಲೂ ತೋರಿಸಲು ಕೋರಲಾಗಿದೆ.