ನೇವಿಗೆ ಸೋತ ಚಾಂಪಿಯನ್ನರು: ವೆಸ್ಟ್ ಪಾಯಿಂಟ್ ಫುಟ್‌ಬಾಲ್ ಅಭಿಮಾನಿಗಳ ಚರ್ಚೆಯಲ್ಲಿ ಋತುವಿನ ಮೌಲ್ಯಮಾಪನ

ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಫುಟ್‌ಬಾಲ್ ತಂಡವನ್ನು ಕ್ರೀಡಾಲೋಕ ಬರೀ ‘ಆರ್ಮಿ’ ಎಂದು ಕರೆಯುತ್ತದೆ. 2023ರ ಋತುವಿನಲ್ಲಿ ಈ ತಂಡ ಆರು ಪಂದ್ಯ ಗೆದ್ದು ಆರು ಸೋತಿತು. ನಡುವೆ ಸತತ ಐದು ಸೋಲುಗಳು ಬಂದವು. ಅವುಗಳಲ್ಲಿ ಲೂಯಿಸಿಯಾನ ಸ್ಟೇಟ್ ಎದುರಿನದು 62–0ರ ಹೀನಾಯ ಸೋಲು. ಗೆದ್ದ ಆರರಲ್ಲಿ ಎರಡು ಗೆಲುವು ಕೆಳದರ್ಜೆಯ ತಂಡಗಳ ಮೇಲೆ ಬಂದಿದ್ದರಿಂದ, ಅವುಗಳಲ್ಲಿ ಒಂದನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ನಿಯಮದಂತೆ ಋತುವಿನ ಕೊನೆಯ ಬೌಲ್ ಪಂದ್ಯವೂ ಕೈತಪ್ಪಿತು. ಆದರೆ ಅದೇ ವರ್ಷ ಅದುವರೆಗೆ ಅಜೇಯವಾಗಿದ್ದ ವಾಯುಪಡೆ ಅಕಾಡೆಮಿಯ ತಂಡವನ್ನು ಆರ್ಮಿ 23–3ರಿಂದಲೂ, ನೌಕಾ ಅಕಾಡೆಮಿಯ ‘ನೇವಿ’ ತಂಡವನ್ನು 17–11ರಿಂದಲೂ ಮಣಿಸಿತು. 1972ರಿಂದ ಮೂರು ಅಕಾಡೆಮಿಗಳ ನಡುವೆ ನಡೆಯುತ್ತಿರುವ ಕಮಾಂಡರ್-ಇನ್-ಚೀಫ್ ಟ್ರೋಫಿ ಆರ್ಮಿಯ ಪಾಲಾಯಿತು.

ಮರುವರ್ಷ ಎಲ್ಲವೂ ತಿರುವುಮುರುವಾಯಿತು. 2024ರಲ್ಲಿ ತಂಡ ಹನ್ನೆರಡು ಪಂದ್ಯ ಗೆದ್ದು ಎರಡನ್ನಷ್ಟೇ ಸೋತಿತು. ಅಕಾಡೆಮಿಯ ಚರಿತ್ರೆಯಲ್ಲಿ ಒಂದೇ ಋತುವಿನಲ್ಲಿ ಹನ್ನೆರಡು ಗೆಲುವು ಬಂದದ್ದು ಅದೇ ಮೊದಲು. ಕಾಲೇಜು ತಂಡಗಳ ಒಕ್ಕೂಟವಾದ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್‌ಗೆ ಕಾಲಿಟ್ಟ ಮೊದಲ ವರ್ಷವೇ, ಡಿಸೆಂಬರ್ 6ರಂದು ತನ್ನದೇ ಮಿಚೀ ಕ್ರೀಡಾಂಗಣದಲ್ಲಿ ಟುಲೇನ್ ತಂಡವನ್ನು 35–14ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಎಂಟು ದಿನಗಳ ಬಳಿಕ ನೇವಿ ಎದುರು 31–13ರಿಂದ ಸೋತಿತು. ಟ್ರೋಫಿಯೂ ಹೋಯಿತು.

ಈ ಎರಡರಲ್ಲಿ ಒಳ್ಳೆಯ ಋತು ಯಾವುದು? ಹೊರಗಿನವರಿಗೆ ಇದು ಪ್ರಶ್ನೆಯೇ ಅಲ್ಲ. ಆರ್ಮಿ ಅಭಿಮಾನಿಗೆ ಮಾತ್ರ ಇದು ಇನ್ನೂ ಮುಗಿಯದ ವಾದ. ಈ ಅಭಿಮಾನಿಗಳು ಎರಡು ಲೆಕ್ಕದ ಪುಸ್ತಕಗಳನ್ನು ಇಟ್ಟುಕೊಂಡಿದ್ದಾರೆ, ಒಂದರ ಜಮೆಯಿಂದ ಇನ್ನೊಂದರ ಸಾಲ ತೀರುವುದಿಲ್ಲ ಎಂಬುದು ಈ ಲೇಖನದ ವಾದ. ಇದನ್ನು ಬರಿಯ ಸಾಂಪ್ರದಾಯಿಕ ಹಗೆತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಸಾಲದು. ಇದರ ಬೇರು ಅಕಾಡೆಮಿ ಎಂಬ ಸಂಸ್ಥೆಯ ರಚನೆಯಲ್ಲಿಯೇ ಇದೆ.

ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಗ್ರಂಥದಲ್ಲಿ ಕೊಟ್ಟ ಚೌಕಟ್ಟು ಇಲ್ಲಿ ನೆರವಿಗೆ ಬರುತ್ತದೆ. ಸಂಸ್ಥೆಯೊಂದು ಸೊರಗುತ್ತಿರುವಾಗ ಅದರ ಸದಸ್ಯನ ಮುಂದೆ ಎರಡು ದಾರಿಗಳಿರುತ್ತವೆ: ಬಿಟ್ಟು ಹೋಗುವುದು, ಇಲ್ಲವೇ ಇದ್ದು ದನಿಯೆತ್ತುವುದು. ನಿಷ್ಠೆಯು ನಿರ್ಗಮನವನ್ನು ತಡೆದು ದನಿಗೆ ಬಲ ಕೊಡುತ್ತದೆ. ಆರ್ಮಿ ತಂಡದ ಸುತ್ತ ನೆರೆದವರಲ್ಲಿ ಹೆಚ್ಚಿನವರು, ಅಂದರೆ ಹಳೆಯ ಕೆಡೆಟ್‌ಗಳು, ಈಗಿನ ಕೆಡೆಟ್‌ಗಳ ತಂದೆತಾಯಿಯರು, ಅಕಾಡೆಮಿಯ ಮೆಟ್ಟಿಲು ಹತ್ತದಿದ್ದರೂ ಸೇನೆಯಲ್ಲಿ ದುಡಿದವರು, ತಂಡ ಸೋತಿತೆಂದು ಬೇರೊಂದು ತಂಡದತ್ತ ವಾಲುವವರಲ್ಲ. ಹೀಗಾಗಿ ಅವರ ಅಸಮಾಧಾನವೆಲ್ಲ ಮಾತಿನಲ್ಲೇ ಹೊರಬೀಳಬೇಕು. ಆ ಮಾತು ಸ್ಕೋರಿನಿಂದ ಶುರುವಾಗಿ, ನೋಡನೋಡುತ್ತಲೇ ಅಕಾಡೆಮಿ ಇರುವುದಾದರೂ ಏತಕ್ಕೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಆಟದ ಶೈಲಿಯ ಕುರಿತ ಜಗಳವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆರ್ಮಿಯ ಗುರುತೇ ಆಗಿಬಿಟ್ಟಿರುವ ತಂತ್ರ ‘ಟ್ರಿಪಲ್ ಆಪ್ಶನ್’. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಎದುರಾಳಿ ರಕ್ಷಕನೊಬ್ಬನ ಚಲನೆಯನ್ನು ಗಮನಿಸುತ್ತಾನೆ. ಅದಕ್ಕೆ ತಕ್ಕಂತೆ ಚೆಂಡನ್ನು ನಡುವೆ ನುಗ್ಗುವ ಓಟಗಾರನಿಗೆ ಕೊಡಬಹುದು, ತಾನೇ ಇಟ್ಟುಕೊಂಡು ಓಡಬಹುದು, ಅಥವಾ ಅಂಚಿನಲ್ಲಿ ಓಡಿಬರುವ ಇನ್ನೊಬ್ಬನಿಗೆ ಎಸೆಯಬಹುದು. ಆ ರಕ್ಷಕನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಅವನನ್ನು ತಡೆಯಬೇಕಿದ್ದ ಆಟಗಾರ ಬೇರೆಡೆ ಉಪಯೋಗಕ್ಕೆ ಬರುತ್ತಾನೆ. ಅಕಾಡೆಮಿಗೆ ಸೇರುವವನು ಮುಂದೆ ಅಧಿಕಾರಿಯಾಗಬೇಕು, ದೇಹತೂಕದ ಮಿತಿ ಪಾಲಿಸಬೇಕು, ಪದವಿ ಮುಗಿಸಿ ಐದು ವರ್ಷ ಸಕ್ರಿಯ ಸೇವೆ ಸಲ್ಲಿಸಬೇಕು. ದೊಡ್ಡ ವಿಶ್ವವಿದ್ಯಾಲಯಗಳ ದೈತ್ಯದೇಹಿಗಳ ಎದುರು ಇಂಥ ಹಗುರ ತಂಡಕ್ಕೆ ಆಪ್ಶನ್ ತಂತ್ರವೇ ಆಸರೆ.

ಈ ಆಟವನ್ನು ನೋಡಿ ಆನಂದಿಸಲು ಒಂದು ಬಗೆಯ ಹಟ ಬೇಕೆಂಬುದನ್ನು ಒಪ್ಪಬೇಕು. 2024ರ ನವೆಂಬರಿನಲ್ಲಿ ನಾರ್ತ್ ಟೆಕ್ಸಸ್ ವಿರುದ್ಧ ಆರ್ಮಿ ಒಂದೇ ದಾಳಿಯಲ್ಲಿ 21 ಬಾರಿ ಚೆಂಡಾಡಿ 94 ಯಾರ್ಡ್ ಸಾಗಿ, ಹೆಚ್ಚುಕಡಿಮೆ 14 ನಿಮಿಷ ನುಂಗಿತು. ಆಟದ ಒಂದು ಪಾದದ ಅವಧಿಯೇ 15 ನಿಮಿಷ. ಅಂತಿಮ ಅಂಕ 14–3. ಬೇರೆ ತಂಡದ ಬೆಂಬಲಿಗರು ಆಕಳಿಸುವ ಈ ಹೊತ್ತಿನಲ್ಲಿ ಆರ್ಮಿಯವರು ಎದ್ದುನಿಂತು ಕೂಗುತ್ತಾರೆ. ಮೂರು ಮೂರು ಯಾರ್ಡ್ ತೆವಳುತ್ತ ಎದುರಾಳಿಯ ಉಸಿರು ಕಟ್ಟಿಸುವುದರಲ್ಲಿ ಅವರಿಗೆ ಕಾಣುವುದು ಶಿಸ್ತು. ಸೈನಿಕನಿಂದ ಅವರು ಬಯಸುವುದೂ ಅದನ್ನೇ.

2022ರಲ್ಲಿ ನಿಯಮ ಬದಲಾಯಿತು. ನಡುವಣ ಇಕ್ಕಟ್ಟಿನ ವಲಯದಿಂದಾಚೆ ಎದುರಾಳಿಯ ಸೊಂಟದ ಕೆಳಗೆ ಬಿದ್ದು ತಡೆಯುವುದು ನಿಷಿದ್ಧವಾಯಿತು. ಆಪ್ಶನ್ ಆಡುವ ತಂಡಗಳ ಮುಖ್ಯ ಉಪಾಯವೊಂದಕ್ಕೆ ಇದರಿಂದ ಕತ್ತರಿ ಬಿತ್ತು. ತರಬೇತುದಾರ ಜೆಫ್ ಮಾಂಕನ್ 2023ರಲ್ಲಿ ಕ್ವಾರ್ಟರ್‌ಬ್ಯಾಕನ್ನು ಹಿಂದೆ ನಿಲ್ಲಿಸಿ ಆಡಿಸುವ ‘ಶಾಟ್‌ಗನ್’ ಪದ್ಧತಿಗೆ ತಂಡವನ್ನು ಹೊರಳಿಸಿದರು. ಸಾಲು ಸೋಲು ಬಂದಾಗ ಎದ್ದ ಆಕ್ಷೇಪದಲ್ಲಿ ಹಳೆಯ ಗಾಯವೊಂದರ ನೋವು ಬೆರೆತಿತ್ತು. 1998ರಿಂದ 2004ರವರೆಗೆ ಆರ್ಮಿ ‘ಕಾನ್ಫರೆನ್ಸ್ ಯುಎಸ್‌ಎ’ಯಲ್ಲಿ ಆಡಿ ಒಟ್ಟು 13 ಪಂದ್ಯ ಗೆದ್ದು 67 ಸೋತಿತ್ತು. ಆ ಅವಧಿಯ ನಡುವೆ ಆಪ್ಶನ್ ಕೈಬಿಟ್ಟು ಎಸೆತದ ಆಟಕ್ಕೆ ಹೋಯಿತು. 2003ರಲ್ಲಿ ಆಡಿದ ಹದಿಮೂರನ್ನೂ ಸೋತು, ಒಂದೇ ಋತುವಿನಲ್ಲಿ ಅಷ್ಟು ಸೋಲು ಕಂಡ ಮೊದಲ ತಂಡವೆಂಬ ಅಪಖ್ಯಾತಿ ಹೊತ್ತಿತು. ಶೈಲಿ ಬದಲಾದ 2023ರಲ್ಲಿಯೇ ಹೊಸ ಕಾನ್ಫರೆನ್ಸ್ ಸೇರುವ ಘೋಷಣೆಯೂ ಬಂದಾಗ ಹಳಬರು ಹೌಹಾರಿದ್ದು ಸಹಜ. ಮರುವರ್ಷ ತಂಡ ಆಪ್ಶನ್‌ನತ್ತ ಮರಳಿತು. ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ ಓಡಿಯೇ 32 ಟಚ್‌ಡೌನ್ ಗಳಿಸಿ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತದಾನದಲ್ಲಿ ಆರನೆಯವರಾದರು. ಮರಳಿದ್ದೇ ಈ ಯಶಸ್ಸಿನ ಕಾರಣವೋ, ಡೇಲಿಯಂಥ ಆಟಗಾರನಿದ್ದರೆ ಯಾವ ಪದ್ಧತಿಯಾದರೂ ನಡೆಯುತ್ತಿತ್ತೋ ಎಂಬುದು ಬಗೆಹರಿಯುವ ಪ್ರಶ್ನೆಯಲ್ಲ. ನನ್ನ ಒಲವು ಎರಡನೆಯದರತ್ತ.

ಗತವೈಭವದ ಮಾತಿಗೂ ಇಲ್ಲಿ ಎರಡು ಮುಖಗಳಿವೆ. ಅರ್ಲ್ ಬ್ಲೇಕ್ ಅವರ ತರಬೇತಿಯಲ್ಲಿ 1944ರಿಂದ 1946ರವರೆಗೆ ಆರ್ಮಿ ರಾಷ್ಟ್ರೀಯ ಚಾಂಪಿಯನ್ ಎನಿಸಿತು. ಡಾಕ್ ಬ್ಲಾಂಚರ್ಡ್ 1945ರಲ್ಲೂ ಗ್ಲೆನ್ ಡೇವಿಸ್ 1946ರಲ್ಲೂ ಹೈಸ್‌ಮನ್ ಪಡೆದರು. ಆದರೆ 1951ರಲ್ಲಿ ಪರೀಕ್ಷೆಯ ನಕಲಿನ ಪ್ರಕರಣದಲ್ಲಿ 90 ಕೆಡೆಟ್‌ಗಳು ಅಕಾಡೆಮಿ ತೊರೆಯಬೇಕಾಯಿತು. ಅವರಲ್ಲಿ ಹಲವರು ಫುಟ್‌ಬಾಲ್ ಆಟಗಾರರು. ಬ್ಲೇಕ್ ಅವರ ಮಗನೂ ಆ ಪಟ್ಟಿಯಲ್ಲಿದ್ದ. ಗೆಲುವಿಗಾಗಿ ಪ್ರವೇಶದ ಮಾನದಂಡ ಸಡಿಲಿಸಿ ಎಂದು ಇಂದು ಯಾರಾದರೂ ಬಾಯಿಬಿಟ್ಟರೆ ಈ ಪ್ರಸಂಗವೇ ಉತ್ತರವಾಗಿ ಎದುರು ಬರುತ್ತದೆ.

ಅಭಿಮಾನಿಗೆ ನಿರ್ಗಮನದ ದಾರಿಯಿಲ್ಲ. ಆಟಗಾರನಿಗೆ ಅರ್ಧ ಬಾಗಿಲು ತೆರೆದಿದೆ. ಕೆಡೆಟ್ ಮೂರನೆಯ ವರ್ಷದ ಆರಂಭದಲ್ಲಿ ಸೇವೆಗೆ ಬದ್ಧನಾಗುತ್ತಾನೆ. ಅದಕ್ಕೂ ಮೊದಲು ಹೊರಡುವವನಿಗೆ ಆ ಋಣವಿಲ್ಲ. 2021ರಿಂದ ಇತರ ಕಾಲೇಜು ಆಟಗಾರರು ತಮ್ಮ ಹೆಸರು, ಭಾವಚಿತ್ರಗಳಿಂದ ಹಣ ಗಳಿಸಬಹುದು. ಸರಕಾರದ ಸಂಬಳ ಪಡೆಯುವ ಕೆಡೆಟ್‌ಗೆ ಆ ಅವಕಾಶವಿಲ್ಲ. 2024ರ ಋತುವಿನಲ್ಲಿ ಸಾವಿರಕ್ಕೂ ಹೆಚ್ಚು ಯಾರ್ಡ್ ಓಡಿದ್ದ ಎರಡನೆಯ ವರ್ಷದ ಆಟಗಾರನೊಬ್ಬ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟಾಗ, ಹುಡುಗನ ಹಕ್ಕನ್ನು ಒಪ್ಪುತ್ತಲೇ ಅವನ ನಿರ್ಧಾರಕ್ಕೆ ಕೊರಗುವ ಇಬ್ಬಂದಿತನ ಅಭಿಮಾನಿಗಳದಾಯಿತು. ಅದೇ ಋತುವಿನ ಕೊನೆಯಲ್ಲಿ ಇಂಡಿಪೆಂಡೆನ್ಸ್ ಬೌಲ್‌ನಲ್ಲಿ ಆರ್ಮಿಯನ್ನು ಎದುರಿಸಬೇಕಿದ್ದ ಮಾರ್ಷಲ್ ತಂಡ, ತರಬೇತುದಾರ ಹೋದ ಮೇಲೆ ಆಟಗಾರರೂ ಗುಂಪಾಗಿ ವರ್ಗಾವಣೆಗೆ ನಿಂತಿದ್ದರಿಂದ ಹಿಂದೆ ಸರಿಯಿತು. ಬದಲಿಗೆ ಬಂದ ಲೂಯಿಸಿಯಾನ ಟೆಕ್ ತಂಡವನ್ನು ಆರ್ಮಿ 27–6ರಿಂದ ಸೋಲಿಸಿ ಹನ್ನೆರಡನೆಯ ಗೆಲುವು ಪಡೆಯಿತು. ‘ನಮ್ಮವರು ಉಳಿಯುತ್ತಾರೆ’ ಎಂದು ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ, ಒಬ್ಬ ಆಗಲೇ ಹೊರಟಿದ್ದನೆಂಬುದನ್ನು ಬಿಟ್ಟರೆ.

ಇನ್ನು ನೇವಿ. 1890ರಲ್ಲಿ ಮೊದಲ ಪಂದ್ಯ ನಡೆದಾಗ ಅದನ್ನು ಸಂಘಟಿಸಿದವನು ಡೆನ್ನಿಸ್ ಮಿಚೀ ಎಂಬ ಕೆಡೆಟ್. ಆರ್ಮಿ 24–0ರಿಂದ ಸೋತಿತು. ಎಂಟು ವರ್ಷಗಳ ನಂತರ ಮಿಚೀ ಕ್ಯೂಬಾದ ಯುದ್ಧದಲ್ಲಿ ಮಡಿದ. ಕ್ರೀಡಾಂಗಣಕ್ಕೆ ಇರುವುದು ಅವನ ಹೆಸರು. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಒಟ್ಟಿಗೆ ನಿಂತು ಮೊದಲು ಸೋತವರ, ಬಳಿಕ ಗೆದ್ದವರ ಅಕಾಡೆಮಿಯ ಗೀತೆ ಹಾಡುತ್ತವೆ. ಆದ್ದರಿಂದ ಅಭಿಮಾನಿಗಳು ಗೆಲುವನ್ನು ‘ಎರಡನೆಯದಾಗಿ ಹಾಡುವುದು’ ಎನ್ನುತ್ತಾರೆ. 2002ರಿಂದ 2015ರವರೆಗೆ ಸತತ ಹದಿನಾಲ್ಕು ವರ್ಷ ಆರ್ಮಿ ಮೊದಲೇ ಹಾಡಿತು. ಆ ಅವಧಿಯಲ್ಲಿ ಸೇರಿ ತೇರ್ಗಡೆಯಾದ ಎಷ್ಟೋ ತರಗತಿಗಳವರು ಒಮ್ಮೆಯೂ ಗೆಲುವು ಕಾಣದೆ ಇರಾಕ್, ಅಫ್ಘಾನಿಸ್ತಾನಗಳಿಗೆ ಹೊರಟರು. 2016ರ 21–17ರ ಗೆಲುವಿನ ತೂಕ ಅರಿಯಲು ಈ ಹಿನ್ನೆಲೆ ಬೇಕು. 2024ರ ಪ್ರಶಸ್ತಿಯ ಸಂಭ್ರಮ ಎಂಟೇ ದಿನಕ್ಕೆ ಮಂಕಾದದ್ದಕ್ಕೂ ಇದೇ ಕಾರಣ.

ಎರಡು ಲೆಕ್ಕಗಳು ಬೇರೆಬೇರೆಯಾಗಿ ಉಳಿಯಲು ವೇಳಾಪಟ್ಟಿಯೂ ಒತ್ತಾಸೆಯಾಗಿದೆ. ಇಂದು ಎರಡೂ ತಂಡಗಳು ಒಂದೇ ಕಾನ್ಫರೆನ್ಸಿನಲ್ಲಿದ್ದರೂ ಆರ್ಮಿ–ನೇವಿ ಪಂದ್ಯ ಕಾನ್ಫರೆನ್ಸಿನ ಅಂಕಪಟ್ಟಿಗೆ ಸೇರುವುದಿಲ್ಲ. ಅದು ಕಾನ್ಫರೆನ್ಸ್ ಫೈನಲ್ ಮುಗಿದ ಮೇಲೆ, ರಾಷ್ಟ್ರೀಯ ಪ್ಲೇಆಫ್‌ನ ತಂಡಗಳ ಆಯ್ಕೆಯೂ ಆದ ಮೇಲೆ ನಡೆಯುತ್ತದೆ. 2024ರಲ್ಲಿ ಎರಡೂ ತಂಡಗಳು ಮೊದಲ ಆರು ಪಂದ್ಯಗಳನ್ನು ಗೆದ್ದಿದ್ದವು. 1926ರ ನಂತರ ಹಾಗಾದದ್ದು ಅದೇ ಮೊದಲು. ಎಂಟು ದಿನಗಳ ಅಂತರದಲ್ಲಿ ಇವೆರಡೂ ಎರಡು ಬಾರಿ ಸೆಣಸಬೇಕಾದೀತೇ ಎಂಬ ಮಾತು ಆಗ ಎದ್ದಿತು. ನೋಟ್ರ ಡೇಮ್ ಮೊದಲು ನೇವಿಯನ್ನು 51–14ರಿಂದಲೂ ಆಮೇಲೆ ಆರ್ಮಿಯನ್ನು 49–14ರಿಂದಲೂ ಬಗ್ಗುಬಡಿಯಿತು. ನೇವಿ ಟುಲೇನ್‌ಗೂ ಸೋತು ಫೈನಲ್ ತಪ್ಪಿಸಿಕೊಂಡಿತು. ಹೀಗಾಗಿ ಪ್ರಶ್ನೆ ಆ ವರ್ಷಕ್ಕೆ ತಾನಾಗಿಯೇ ಮುಂದೆ ಹೋಯಿತು. ಪ್ಲೇಆಫ್‌ಗಾಗಿ ಡಿಸೆಂಬರಿನ ಪಂದ್ಯವನ್ನು ನವೆಂಬರಿಗೆ ಸರಿಸಿದರೇನು ಎಂದು ಲೆಕ್ಕಾಚಾರದವರು ಕೇಳುತ್ತಾರೆ. ಆರ್ಮಿಯವರಲ್ಲಿ ಹಳಬರು ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲೂ ಸಿದ್ಧರಿಲ್ಲ.