ಪಾಲು, ಪಾರೀಕತ್ತು, ಪಾರ್ಟಿಷನ್

ಹುಣಸೂರಿನಲ್ಲಿ 'ಪಾರ್ಟಿಷನ್' ಎಂಬ ಮಾತು ಎರಡು ಕಡೆ ಕಿವಿಗೆ ಬೀಳುತ್ತದೆ. ಒಂದು, ನೋಂದಣಿ ಕಚೇರಿಯ ಆಸುಪಾಸಿನಲ್ಲಿ ಪತ್ರ ಬರೆದುಕೊಡುವವರ ಮೇಜಿನ ಮುಂದೆ. ಇನ್ನೊಂದು, ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ. ಅಲ್ಲಿ ಅಣ್ಣತಮ್ಮಂದಿರಿಗೆ ಹೊಲ ಬೇರೆ ಮಾಡಿಕೊಳ್ಳಬೇಕು. ಇಲ್ಲಿ ಡಿಪ್ಲೊಮಾ ಓದುವ ಹುಡುಗನಿಗೆ ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸೂ ಬೇಕು, ಉಬುಂಟುವೂ ಬೇಕು. ಇಂಗ್ಲಿಷಿನ ಈ ಪದ ಬರುವ ಎಷ್ಟೋ ಮೊದಲೇ ಎರಡಕ್ಕೂ ಒಗ್ಗುವ ಮಾತು ನಮ್ಮಲ್ಲಿತ್ತು: ಪಾಲು.

ಹಳಗನ್ನಡದಲ್ಲಿ 'ಪಾಲ್' ಎಂದರೆ ಕುಡಿಯುವ ಹಾಲೂ ಹೌದು, ಹಂಚಿಕೊಂಡ ಭಾಗವೂ ಹೌದು. ಪದದ ಮೊದಲಿನ ಪಕಾರ ಹಕಾರವಾಗುತ್ತ ಬಂದಾಗ ಪೂ ಹೂವಾಯಿತು, ಕುಡಿಯುವ ಪಾಲ್ ಹಾಲಾಯಿತು. ಹಂಚಿಕೆಯ ಪಾಲು ಮಾತ್ರ ಕದಲಲಿಲ್ಲ. ಎರಡೂ ಹಾಲಾಗಿ ಗೊಂದಲವಾಗದಿರಲೆಂದು ಭಾಷೆಯೇ ಮಾಡಿಕೊಂಡ ಏರ್ಪಾಡು ಇದು ಎಂದು ನನ್ನ ಎಣಿಕೆ. ಇದರ ಒಡಹುಟ್ಟಿದವೆಲ್ಲ ಹತ್ತಿರದಲ್ಲೇ ಇವೆ: ಬೇರ್ಪಡಿಸು ಎನ್ನುವ ಹಳಗನ್ನಡದ ಪಸು, ಪಸುಗೆ, ನಾವು ದಿನವೂ ಆಡುವ ಹಂಚು, ತಮಿಳಿನಲ್ಲಿ ಅರ್ಧ ಎನ್ನುವುದಕ್ಕಿರುವ ಪಾದಿ. ರಾಜ್ಯಪಾಲರ 'ಪಾಲ' ಈ ಮನೆತನದ್ದಲ್ಲ. ಕಾಪಾಡುವವನು ಎಂಬರ್ಥದ ಸಂಸ್ಕೃತ ಪದ ಅದು.

ಭಾಗ ಎಂದರೆ ತುಂಡು ಅಷ್ಟೆ. ಪಾಲು ಎಂದೊಡನೆ 'ಯಾರ ಪಾಲು?' ಎಂಬ ಪ್ರಶ್ನೆ ಏಳುತ್ತದೆ. ಪಾಲಿಗೆ ಬಂದದ್ದು ಪಂಚಾಮೃತ ಎನ್ನುವಾಗ ಪಡೆದವನಿದ್ದಾನೆ. ನೀರುಪಾಲು, ಮಣ್ಣುಪಾಲು ಎನ್ನುವಾಗಲೂ ನೀರು, ಮಣ್ಣು ಪಡೆದವರ ಜಾಗದಲ್ಲಿ ನಿಂತಿವೆ. ಪಾಲ್ಗೊಳ್ಳುವುದಕ್ಕೂ ಮನುಷ್ಯರೇ ಬೇಕು. ಪುಸ್ತಕದ ಕನ್ನಡ ಡಿಸ್ಕಿನ ಪಾರ್ಟಿಷನ್ನಿಗೆ 'ವಿಭಾಗ' ಎನ್ನುತ್ತದೆ. ಅದು ತಪ್ಪಲ್ಲ, ಆದರೆ ಒಡೆತನದ ಈ ಕೇಳ್ವಿ ಅದರಲ್ಲಿಲ್ಲ.

ವಿಭಾಗಕ್ಕೂ ದೊಡ್ಡ ಚರಿತ್ರೆಯಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ 'ಮಿತಾಕ್ಷರಾ'ದಲ್ಲಿ ದಾಯವಿಭಾಗವನ್ನು ವಿವರಿಸಿದ. ನಮ್ಮ 'ದಾಯಾದಿ'ಯಲ್ಲಿರುವುದು ಅದೇ ದಾಯ. ಆಮೇಲೆ ಪರ್ಷಿಯನ್ ಆಡಳಿತ ಭಾಷೆಯಿಂದ 'ಫಾರಿಗ್‌ಖತ್ತಿ' ಬಂತು. ಹಕ್ಕು ಬಿಟ್ಟುಕೊಟ್ಟು ಋಣ ಹರಿದುಕೊಂಡ ಪತ್ರ ಎಂದು ಅದರರ್ಥ. ಹಳೇ ಮೈಸೂರಿನ ನಾಲಿಗೆಯಲ್ಲಿ ಅದು ಪಾರೀಕತ್ತಾಗಿ, ಪಾಲಿನ ಜೊತೆ ಜೋಡಿಯಾಗಿ 'ಪಾಲುಪಾರೀಕತ್ತು' ಆಯಿತು. ಅರಬ್ಬಿಯ ಹಿಸ್ಸಾ ಪಹಣಿಯಲ್ಲಿ ಸರ್ವೆ ನಂಬರಿನ ಪಕ್ಕ ಕುಳಿತಿತು; ಮರಾಠಿಯಿಂದ ಬಂದ ಪೋಡಿ ಸರ್ವೆಯವರ ಮಾತಾಯಿತು. ಪಾಲು ಯಾರಿಗೆ ಎಂಬ ಪ್ರಶ್ನೆಯ ಉತ್ತರವೂ ಬದಲಾಗುತ್ತ ಬಂತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಕಾಯಿದೆ ತಂದು, ವಿಧವೆಗೂ ಮದುವೆಯಾಗದ ಮಗಳಿಗೂ ಪಾಲು ಕಾಣಿಸಿತು. ಹೆಣ್ಣುಮಕ್ಕಳಿಗೂ ಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯಿದೆಗೆ ಮಾಡಿದ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, ಕೇಂದ್ರದ್ದು 2005ರಲ್ಲಿ. ಈ ಪದದ ಬಾಳಿನಲ್ಲಿ ನನಗೆ ಅತ್ಯಂತ ಹೆಮ್ಮೆಯ ಘಟ್ಟ ಇದು.

ಹುಣಸೂರೂ ಅದರ ಸುತ್ತಲಿನ ತಾಲ್ಲೂಕುಗಳೂ ಪಾಲಾಗುವುದನ್ನು ಬಲ್ಲವು. ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆಯಾಗಿ ಹೊಸ ತಾಲ್ಲೂಕುಗಳಾದವು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆಗಳಲ್ಲಿ ಹೊಲ ಎರಡಾಗಬಹುದು, ಎಲೆ ಬೇಯಿಸುವ ಬ್ಯಾರನ್ನನ್ನು ಸೀಳಲಾಗದು. ಅದಕ್ಕೇ ಪಾಲುಪತ್ರಗಳಲ್ಲಿ ಬಾವಿ, ಕಣ, ಗಾಡಿದಾರಿಗಳನ್ನು ಜಂಟಿಯಾಗಿ ಉಳಿಸುವ ರೂಢಿಯಿದೆ. ಮನೆ ಬೇರೆಯಾದ ಮೇಲಿನ ಎಷ್ಟೋ ಜಗಳ ಹುಟ್ಟುವುದು ಹೀಗೆ ಉಳಿದ ದಾರಿಯಲ್ಲೇ.

ಡಿಸ್ಕಿನಲ್ಲೂ ಹಾಗೆಯೇ, ಪಾಲು ಬೇರೆ, ದಾರಿ ಜಂಟಿ. ಐಬಿಎಂ 1983ರಲ್ಲಿ 10 ಎಂಬಿ ಹಾರ್ಡ್‌ಡಿಸ್ಕಿನ ಪಿಸಿ ಎಕ್ಸ್‌ಟಿಯನ್ನು ಹೊರತಂದಾಗ, ಒಂದೇ ಡಿಸ್ಕಿನಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳಿಗೆ ಜಾಗ ಸಿಗಲೆಂದು ಪಾರ್ಟಿಷನ್ ಪಟ್ಟಿ ಬಂತು. ಡಿಸ್ಕಿನ ಮೊದಲ 512 ಬೈಟಿನಲ್ಲಿ ಅದಕ್ಕೆ ಸಿಕ್ಕಿದ್ದು 64 ಬೈಟ್, ನಾಲ್ಕೇ ಪಾಲು. ಇಂದಿನ ಜಿಪಿಟಿ ಪಟ್ಟಿಯಲ್ಲಿ ಸಾಮಾನ್ಯವಾಗಿ 128 ಪಾಲಿಗೆ ಎಡೆಯಿದೆ, ಅದರ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ.

ವಿಂಡೋಸ್ ಒಂದು ಪಾಲಿನಲ್ಲಿ, ಉಬುಂಟು ಇನ್ನೊಂದರಲ್ಲಿ ಕೂತರೂ ಶುರುವಾಗುವ ದಾರಿ ಒಂದೇ. ಇಎಫ್ಐ ಎಂಬ ಆ ಬೂಟ್ ಪಾಲು ಹಲವು ಯಂತ್ರಗಳಲ್ಲಿ ಬರೀ 100 ಎಂಬಿ. ಅಲ್ಲಿ ಮೈಕ್ರೋಸಾಫ್ಟಿಗೊಂದು ಫೋಲ್ಡರ್, ಉಬುಂಟುಗೊಂದು ಫೋಲ್ಡರ್. ವಿಂಡೋಸ್ ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ತನ್ನ ಹೆಸರನ್ನೇ ಮೊದಲಿಗೆ ಬರೆದುಕೊಳ್ಳುತ್ತದೆ, ಉಬುಂಟು ಕಾಣಿಸುವುದಿಲ್ಲ. ಹುಡುಗರು ಗಾಬರಿಯಾಗಿ ಎಲ್ಲ ಅಳಿಸಿ ಹೊಸದಾಗಿ ಹಾಕಿಸಲು ಓಡುತ್ತಾರೆ. ದಯವಿಟ್ಟು ಓಡಬೇಡಿ. ಯಂತ್ರ ಏಳುವಾಗ ಎಫ್‌12 ಅಥವಾ ಆ ಕಂಪನಿಯ ಕೀಲಿ ಒತ್ತಿ ಬೂಟ್ ಪಟ್ಟಿ ತೆರೆದರೆ ಉಬುಂಟು ಹೆಸರು ಹೆಚ್ಚಿನ ಸಲ ಅಲ್ಲೇ ಇರುತ್ತದೆ. ಸರದಿ ಬದಲಿಸಿದರೆ ಸಾಕು. ಇಲ್ಲದಿದ್ದರೆ ಪೆನ್‌ಡ್ರೈವಿನಿಂದ ಲೈವ್ ಉಬುಂಟು ಏಳಿಸಿ, ಉಬುಂಟುವಿನ ಪಾಲನ್ನೂ ಇಎಫ್ಐ ಪಾಲನ್ನೂ ಮೌಂಟ್ ಮಾಡಿ, ಉಬುಂಟುವಿನ ಪಾಲಿನೊಳಗೆ ಹೊಕ್ಕು ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಆದೇಶಗಳನ್ನು ಕೊಡಬೇಕು.

ಇದಕ್ಕೆ ತದ್ವಿರುದ್ಧವಾದ ತಂಟೆಯೂ ಉಂಟು. ಉಬುಂಟು ಬೇಡವೆಂದು ವಿಂಡೋಸಿನ ಒಳಗಿಂದ ಅದರ ಪಾಲನ್ನು ಅಳಿಸಿದರೆ, ಉಬುಂಟುವನ್ನು ಎಬ್ಬಿಸುವ ಗ್ರಬ್ ದಾರಿಯಲ್ಲೇ ನಿಂತು ಇಲ್ಲದ ಪಾಲನ್ನು ಹುಡುಕಿ 'ಗ್ರಬ್' ಅಥವಾ 'ಗ್ರಬ್ ರೆಸ್ಕ್ಯೂ' ಎಂಬ ಕಪ್ಪು ಪರದೆ ತೋರಿಸುತ್ತದೆ. ಆಗಲೂ ಬೂಟ್ ಪಟ್ಟಿಯಿಂದ ವಿಂಡೋಸನ್ನು ಆರಿಸಬಹುದು. ಅದರ ಕಡತಗಳೇ ಕೆಟ್ಟಿದ್ದರೆ ವಿಂಡೋಸಿನ ರಿಪೇರಿ ಪೆನ್‌ಡ್ರೈವಿನಿಂದ ಬಿಸಿಡಿಬೂಟ್ ಆದೇಶ ಅವನ್ನು ಮತ್ತೆ ಬರೆಯುತ್ತದೆ. ತಪ್ಪು ಪಾಲು ಅಳಿಸಿಹೋದರೂ ಅಳಿದಿರುವುದು ಪಟ್ಟಿಯ ಸಾಲು. ಫೋಟೊ, ಪ್ರಾಜೆಕ್ಟ್‌ಗಳು ಹಲವು ಸಲ ಡಿಸ್ಕಿನಲ್ಲೇ ಉಳಿದಿರುತ್ತವೆ. ಅದರ ಮೇಲೆ ಹೊಸದೇನೂ ಬರೆಯದೆ ಟೆಸ್ಟ್‌ಡಿಸ್ಕ್ ಎಂಬ ಸಾಧನವನ್ನು ಓಡಿಸಿದರೆ ಹಳೆಯ ಗಡಿ ಸಿಗುವ ಸಾಧ್ಯತೆ ಚೆನ್ನಾಗಿದೆ.

ಪಾಲುಪತ್ರದ ನಕಲನ್ನು ಮನೆಯವರು ಜೋಪಾನ ಮಾಡುತ್ತಾರಲ್ಲ, ಡಿಸ್ಕಿನ ಪಟ್ಟಿಗೂ ಅದು ಸಾಧ್ಯ. ಎಸ್‌ಜಿಡಿಸ್ಕ್ ಎಂಬ ಸಾಧನ ಜಿಪಿಟಿ ಪಟ್ಟಿಯನ್ನು ಚಿಕ್ಕದೊಂದು ಕಡತವಾಗಿ ತೆಗೆದುಕೊಡುತ್ತದೆ. ಗಡಿ ಕದಲಿಸುವ ಮೊದಲು ಮುಖ್ಯ ಕಡತಗಳ ಜೊತೆ ಅದನ್ನೂ ಬೇರೊಂದು ಪೆನ್‌ಡ್ರೈವಿಗೆ ಹಾಕಿ, ಅದೇ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಡಬೇಡಿ.