ಬೇರಿನಿಂದ ತೆನೆಯವರೆಗೆ

ಗೊಬ್ಬರ ಹಾಕಿದರೆ ಬೆಳೆ ಹುಲುಸಾಗಿ ಬರುತ್ತದೆಂಬುದು ರೈತನಿಗೆ ಹಿಂದಿನಿಂದಲೂ ಗೊತ್ತು. 12ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ತಮ್ಮ 'ಕಿತಾಬುಲ್ ಫಿಲಾಹ' ಗ್ರಂಥದಲ್ಲಿ ಮಣ್ಣು, ಗೊಬ್ಬರಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಆದರೆ ಆ ಸಾರವು ಬೇರನ್ನು ಹೊಕ್ಕು ಯಾವ ದಾರಿಯಲ್ಲಿ ಕಾಳು ಸೇರುತ್ತದೆಂದು ಕಣ್ಣಾರೆ ಕಾಣಲು ಶತಮಾನಗಳೇ ಬೇಕಾದವು.

ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು 5 ವರ್ಷ ನೀರೆರೆದರು. ಮರ 169 ಪೌಂಡಾಯಿತು. ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವರು ತೀರ್ಮಾನಿಸಿದರು. 1648ರಲ್ಲಿ, ಅವರ ನಿಧನಾನಂತರ, ಇದು ಪ್ರಕಟವಾಯಿತು. ಅವರು ಲೆಕ್ಕಕ್ಕೆ ತೆಗೆದುಕೊಳ್ಳದ ಆ 2 ಔನ್ಸಿನಲ್ಲೇ ನಮ್ಮ ವಿಷಯವೆಲ್ಲ ಇತ್ತೆನ್ನಬಹುದು.

ದಾರಿ ತೆರೆದದ್ದು ಒಂದು ಸೋಲಿನಿಂದ. ಹಂಗೇರಿಯ ಜಾರ್ಜ್ ಡಿ ಹೆವೆಸಿ ಮ್ಯಾಂಚೆಸ್ಟರಿನಲ್ಲಿದ್ದಾಗ, ಸೀಸದಲ್ಲಿ ಬೆರೆತಿದ್ದ ವಿಕಿರಣಶೀಲ 'ರೇಡಿಯಂ-ಡಿ'ಯನ್ನು ಬೇರ್ಪಡಿಸುವಂತೆ ರುದರ್‌ಫೋರ್ಡ್ ಅವರಿಗೆ ಹೇಳಿದರು. ಎಷ್ಟು ಹೆಣಗಿದರೂ ಆಗಲಿಲ್ಲ. ಆಗುವುದೂ ಸಾಧ್ಯವಿರಲಿಲ್ಲ, ಏಕೆಂದರೆ ಅದೂ ಸೀಸವೇ! ಬೇರ್ಪಡಿಸಲು ಬಾರದಿದ್ದರೆ ಅದನ್ನೇ ಸೀಸದ ಗುರುತಾಗಿ ಬಳಸಬಹುದಲ್ಲವೇ ಎಂದು ಹೆವೆಸಿ ಯೋಚಿಸಿದರು. 1923ರಲ್ಲಿ ಕೋಪನ್‌ಹೇಗನ್‌ನಲ್ಲಿ ಇನ್ನೊಂದು ವಿಕಿರಣಶೀಲ ಸೀಸ ಬೆರೆಸಿದ ದ್ರಾವಣದಲ್ಲಿ ಬೀನ್ಸ್ ಜಾತಿಯ ಗಿಡಗಳ ಬೇರು ಅದ್ದಿ, ನಂತರ ಅವನ್ನು ಸುಟ್ಟು ಬೂದಿಯ ವಿಕಿರಣ ಅಳೆದರು. ಸೀಸದ ಹೆಚ್ಚಿನ ಭಾಗ ಬೇರಿನಲ್ಲೇ ಉಳಿದಿತ್ತು. ಈ ವಿಧಾನಕ್ಕಾಗಿ 1943ನೇ ಸಾಲಿನ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

ಸೀಸ ವಿಷವೇ ಹೊರತು ಪೋಷಕವಲ್ಲ. ಕೃತಕ ವಿಕಿರಣಶೀಲ ಪೊಟ್ಯಾಸಿಯಂ, ರಂಜಕ ದೊರೆತ ಮೇಲೆ, 1939ರಲ್ಲಿ ಕ್ಯಾಲಿಫೋರ್ನಿಯಾದ ಸ್ಟೌಟ್ ಮತ್ತು ಹೋಗ್‌ಲ್ಯಾಂಡ್ ವಿಲ್ಲೋ ಗಿಡದ ತೊಗಟೆಗೂ ಕಟ್ಟಿಗೆಗೂ ನಡುವೆ ಮೇಣದ ಕಾಗದ ತೂರಿಸಿ, ಲವಣಗಳು ಮೇಲೇರುವುದು ಕಟ್ಟಿಗೆಯ ಮೂಲಕವೆಂದು ತೋರಿಸಿದರು. ಎಲೆಯನ್ನು ಫಿಲ್ಮಿಗೊತ್ತಿ ಚಿತ್ರ ತೆಗೆಯುವುದೂ ರೂಢಿಗೆ ಬಂತು. ಆದರೂ ಗಿಡವನ್ನು ಕತ್ತರಿಸಲೇಬೇಕಿತ್ತು.

ಬದುಕಿರುವ ಗಿಡದೊಳಗಿನ ಚಲನೆಯನ್ನು ಚಿತ್ರದ ಮೇಲೆ ಚಿತ್ರವಾಗಿ ಹಿಡಿಯುವ ಪಾಸಿಟ್ರಾನ್ ಯಂತ್ರ ಜಪಾನಿನಲ್ಲಿ ಬೆಳೆಯಿತು. ಅಲ್ಲಿ ಅದರ ಅಗತ್ಯವೂ ಇತ್ತು. ಜಿನ್‌ಜು ನದಿಯ ಬಯಲಿನಲ್ಲಿ ಗಣಿಯಿಂದ ಹರಿದ ಕ್ಯಾಡ್ಮಿಯಂ ಅಕ್ಕಿಗೆ ಸೇರಿ, ಉಂಡವರ ಎಲುಬುಗಳು ಮುರಿಯುತ್ತಿದ್ದವು. ರೋಗಿಗಳ ನರಳಾಟದಿಂದಲೇ ರೋಗಕ್ಕೆ 'ಇತಾಯ್-ಇತಾಯ್', ಅಂದರೆ 'ನೋವು, ನೋವು', ಎಂದು ಹೆಸರು ಬಂತು. 1968ರಲ್ಲಿ ಸರಕಾರ ಇದನ್ನು ಮಾಲಿನ್ಯದ ರೋಗವೆಂದು ಒಪ್ಪಿತು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜಪಾನಿನ ಸಂಶೋಧಕರು 6.5 ಗಂಟೆ ಅರ್ಧಾಯುಷ್ಯದ ಕ್ಯಾಡ್ಮಿಯಂ-107ನ್ನು ಭತ್ತದ ಬೇರಿಗೆ ಉಣಿಸಿ, 4 ನಿಮಿಷಕ್ಕೊಂದರಂತೆ 36 ಗಂಟೆ ಚಿತ್ರ ತೆಗೆದರು. 7 ಗಂಟೆಗಳಲ್ಲಿ ವಿಷ ತೆನೆಗೆ ತಲುಪಿತ್ತು. ಎಲೆಯ ಅಲಗಿನಲ್ಲಿ ಅದು ಕಾಣಲೇ ಇಲ್ಲ. ಕಾಂಡದಲ್ಲಿ ಎಲ್ಲಕ್ಕಿಂತ ಹೆಚ್ಚು ತುಂಬಿಕೊಂಡದ್ದು ಗೆಣ್ಣುಗಳಲ್ಲಿ. ತೆನೆಯತ್ತ ಹೋಗುವ ನಾಳಕ್ಕೆ ಅದು ದಾಟಿಕೊಳ್ಳುತ್ತಿದ್ದುದು ಅಲ್ಲಿಯೇ.